ಹಳೆಯ ಕಾರು, ಘಾಟಿ ರಸ್ತೆ: ಶಾಕ್ ಅಬ್ಸಾರ್ಬರ್ ಸವೆದಿದೆಯೇ?

ನೀಲಗಿರಿ ಜಿಲ್ಲೆಯ ಪಂದಲೂರು ತಾಲ್ಲೂಕಿನಲ್ಲಿರುವ ದೇವಾಲ ಒಂದು ಪುಟ್ಟ ಊರು. 1880ರ ಆಸುಪಾಸಿನಲ್ಲಿ ಲಂಡನ್ನಿನ ಕಂಪನಿಗಳು ಇಲ್ಲಿ ಚಿನ್ನಕ್ಕಾಗಿ ಬೆಟ್ಟ ಅಗೆದವು. ಹಾಕಿದ ಹಣಕ್ಕೆ ತಕ್ಕ ಚಿನ್ನ ಸಿಗಲಿಲ್ಲ. ಚಹಾ ತೋಟಗಳು ಉಳಿದುಕೊಂಡವು. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಗೂಡಲೂರಿನಿಂದ ನಾಡುಗಾಣಿ, ದೇವಾಲ, ಪಂದಲೂರು ದಾಟಿ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ದಾರಿಯಲ್ಲಿ ನೀರು ತುಂಬಿದ ಗುಂಡಿ ಯಾವುದು, ರಸ್ತೆ ಯಾವುದು ಎಂದು ತಿಳಿಯುವುದು ಕಷ್ಟ. ಇಂಥ ದಾರಿಯಲ್ಲಿ ಓಡುವ ಹಳೆಯ ಕಾರಿನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವುದು, ಅತಿ ಕಡಿಮೆ ಗಮನ ಪಡೆಯುವುದು ಶಾಕ್ ಅಬ್ಸಾರ್ಬರ್.

"ಕಾರು ಸ್ವಲ್ಪ ಕುಲುಕುತ್ತದೆ, ಅಷ್ಟೇ ತಾನೇ?" ಎಂದು ನಮ್ಮಲ್ಲಿ ಅನೇಕರು ಸುಮ್ಮನಿದ್ದುಬಿಡುತ್ತಾರೆ. ಆದರೆ ಶಾಕ್ ಅಬ್ಸಾರ್ಬರ್ ಕೇವಲ ಸುಖ ಪ್ರಯಾಣದ ವಸ್ತುವಲ್ಲ. ಅದು ಬ್ರೇಕಿನ ಜೊತೆಗಾರ ಎಂಬುದನ್ನು ಮರೆಯಬಾರದು.

ಅದು ಮಾಡುವ ಕೆಲಸವೇನು?

ಗುಂಡಿಯ ಪೆಟ್ಟನ್ನು ತಡೆಯುವುದು ಸ್ಪ್ರಿಂಗ್. ಆದರೆ ಒಮ್ಮೆ ಅದುಮಿದ ಸ್ಪ್ರಿಂಗ್ ಸುಮ್ಮನಿರದೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ. ಎಣ್ಣೆಯಲ್ಲಿ ಸಣ್ಣ ತೂತುಗಳುಳ್ಳ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಎಣ್ಣೆಯು ಆ ತೂತುಗಳಲ್ಲಿ ಕಷ್ಟಪಟ್ಟು ನುಸುಳಬೇಕಾದ್ದರಿಂದ ಕುಣಿತದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ.

ಸೀಲ್ ಸವೆದು ಎಣ್ಣೆ ಸೋರಿದರೆ ಅಥವಾ ಒಳಗಿನ ವಾಲ್ವ್ ಸಡಿಲವಾದರೆ ಈ ತಡೆ ಇಲ್ಲವಾಗುತ್ತದೆ. ಆಗ ಚಕ್ರ ನೆಲವನ್ನು ಬಿಟ್ಟುಬಿಟ್ಟು ಜಿಗಿಯುತ್ತದೆ. ನೆಲ ಮುಟ್ಟದ ಟೈರಿಗೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೇನು? ಒದ್ದೆ ರಸ್ತೆಯ ತಿರುವಿನಾಚೆ ಆನೆ ನಿಂತಿದ್ದರೆ ಕಾರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಕಾರು ಒಂದು ಮಗ್ಗುಲಿಗೆ ವಾಲುವುದು ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ.

ಯಾಕೆ ಗೊತ್ತಾಗುವುದಿಲ್ಲ?

ಶಾಕ್ ಅಬ್ಸಾರ್ಬರ್ ಒಂದೇ ದಿನದಲ್ಲಿ ಕೆಡುವುದಿಲ್ಲ, ತಿಂಗಳುಗಟ್ಟಲೆ ಸವೆಯುತ್ತದೆ. ದಿನವೂ ಓಡಿಸುವವರ ಕೈ ಅದಕ್ಕೆ ಒಗ್ಗಿಹೋಗಿರುತ್ತದೆ. ಹಿಂದಿನ ಸೀಟಿನ ಹಿರಿಯರು ಸೊಂಟ ನೋವೆಂದರೆ ನಾವು ರಸ್ತೆಯನ್ನು ಬೈಯುತ್ತೇವೆ. ಆದ್ದರಿಂದ ತೊಂದರೆ ಕಾಣಿಸಲಿ ಎಂದು ಕಾಯದೆ ನಾವೇ ಹುಡುಕಿ ನೋಡಬೇಕು. ಸುಮಾರು 80 ಸಾವಿರ ಕಿಲೋಮೀಟರಿಗೆ ಬದಲಿಸಿ ಎಂದು ಹೇಳುವ ತಯಾರಕರಿದ್ದಾರೆ. ಗುಂಡಿ ರಸ್ತೆಯಲ್ಲಿ ಓಡುವ ಕಾರಿಗೆ ಅಷ್ಟು ಆಯುಸ್ಸು ಇರಲಾರದು.

ಮನೆಯಲ್ಲೇ ಪರೀಕ್ಷೆ

1. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಕಾರಿನ ಒಂದು ಮೂಲೆಯನ್ನು 3-4 ಸಲ ಬಲವಾಗಿ ಕೆಳಕ್ಕೆ ಒತ್ತಿ ಬಿಡಿ. ಮೇಲೆದ್ದು ಒಮ್ಮೆ ಆಡಿ ನಿಂತರೆ ಸರಿ. ಎರಡು-ಮೂರು ಸಲ ತೂಗಾಡಿದರೆ ಆ ಮೂಲೆಯ ಶಾಕ್ ಸವೆದಿದೆ. ನಾಲ್ಕೂ ಮೂಲೆಗಳನ್ನು ನೋಡಿ. ಇದರಲ್ಲಿ ಗೆದ್ದ ಮಾತ್ರಕ್ಕೆ ಎಲ್ಲ ಚೆನ್ನಾಗಿದೆ ಎಂದು ತಿಳಿಯಬಾರದು, ಮುಂದಿನದನ್ನೂ ನೋಡಿ.

2. ಕೊಳವೆಯ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದೆಯೇ? ತೆಳುವಾದ ತೇವ ದೊಡ್ಡ ದೋಷವಲ್ಲ. ಎಣ್ಣೆ ಹರಿದ ಗುರುತಿದ್ದರೆ ಬದಲಿಸಲೇಬೇಕು.

3. ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ತಗಲಿದರೆ ಚಕ್ರ ಜಿಗಿಯುತ್ತಿರಬಹುದು.

4. ಮೇಲೆ ಕೆಳಗೆ ಜೋಡಿಸುವ ರಬ್ಬರ್ ಬುಷ್ ಬಿರಿದಿದೆಯೇ ನೋಡಿ. ಗುಂಡಿಯಲ್ಲಿ "ಕಟ ಕಟ" ಸದ್ದಿಗೆ ಕೆಲವೊಮ್ಮೆ ಇದೊಂದೇ ಕಾರಣ. ಬುಷ್ ಮಾತ್ರ ಬದಲಿಸಿದರೆ ಸಾಕಾಗಬಹುದು.

5. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಬ್ರೇಕ್ ಒತ್ತಿ. ಮೂತಿ ಬಹಳ ಕೆಳಗಿಳಿದರೆ ಮುಂದಿನ ಶಾಕ್‌ಗಳ ಮೇಲೆ ಸಂಶಯಪಡಿ.

ಬದಲಿಸುವಾಗ

ಒಂದೇ ಶಾಕ್ ಕೆಟ್ಟಿದ್ದರೂ ಮುಂದಿನ ಎರಡನ್ನೂ ಅಥವಾ ಹಿಂದಿನ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು.

ಅಂಬಾಸಿಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಮನೆಯಲ್ಲಿ ಇವು ಇನ್ನೂ ಓಡುತ್ತಿದ್ದರೆ ಭಾಗಗಳನ್ನು ಕೊಳ್ಳುವಾಗ ಮಾದರಿ ಮತ್ತು ವರ್ಷವನ್ನು ಸರಿಯಾಗಿ ಹೇಳಿ. ಹಳೆಯದನ್ನು ಪಕ್ಕದಲ್ಲಿಟ್ಟು ಉದ್ದವನ್ನೂ ಹೋಲಿಸಿ ನೋಡಿ. ಸೋರಿದ ಶಾಕಿಗೆ ಎಣ್ಣೆ ತುಂಬಿ ಬಣ್ಣ ಬಳಿದು ಮಾರುವುದುಂಟು. ಅಂಥ ಉಳಿತಾಯ ಬೇಡ.

ಅಂಬಾಸಿಡರ್‌ನ ಹಿಂಬದಿಯಲ್ಲಿ ಪಟ್ಟಿ ಸ್ಪ್ರಿಂಗಿನ ಜೊತೆ ಶಾಕ್ ಪ್ರತ್ಯೇಕವಾಗಿರುವುದರಿಂದ ಕೈ ಪಳಗಿದವರು ಮನೆಯಲ್ಲೇ ಬದಲಿಸಬಹುದು. ಮುಂದಿನ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ಲಿಗೂ ಆಸರೆ ಕೊಟ್ಟ ಮೇಲೆಯೇ ಬೋಲ್ಟು ಬಿಚ್ಚಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಎಂದೂ ನುಸುಳಬೇಡಿ. ಎಣ್ಣೆಯ ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ, ಒಳಗಿನ ಗಾಳಿ ಕಳೆದ ಮೇಲೆ ಜೋಡಿಸಿ. ಬುಷ್ಷಿನ ಬೋಲ್ಟುಗಳನ್ನು ಕಾರು ತನ್ನ ಚಕ್ರದ ಮೇಲೆ ನಿಂತ ನಂತರ ಪೂರ್ತಿ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಮಾರುತಿ 800ರ ಮುಂಭಾಗದ ಮಾತೇ ಬೇರೆ. ಅಲ್ಲಿ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಸೇರಿರುತ್ತವೆ. ಅದುಮಿಟ್ಟ ಆ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಅಪಾಯ. ಸ್ಪ್ರಿಂಗ್ ಹಿಡಿಯುವ ಸಾಧನವಿರುವ ಗ್ಯಾರೇಜಿಗೇ ಒಪ್ಪಿಸಿ; ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ತೆಗೆದ ಹಳೆಯ ಶಾಕಿನ ಎಣ್ಣೆಯನ್ನು ಚರಂಡಿಗಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ಗ್ಯಾಸ್ ತುಂಬಿದ ಶಾಕನ್ನು ಕೊರೆಯುವುದಾಗಲಿ ಬೆಂಕಿಗೆ ಹಿಡಿಯುವುದಾಗಲಿ ಕೂಡದು.

ಆತುರವೂ ಒಂದು ಕಾರಣ

ಬಂಡೀಪುರದ ಮೂಲಕ ಗುಂಡ್ಲುಪೇಟೆ–ಗೂಡಲೂರು ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಗೇಟು ಮುಚ್ಚುವ ಮುನ್ನ ದಾಟುವ ಆತುರದಲ್ಲಿ, ಡಿಕ್ಕಿಯ ತುಂಬ ಸಾಮಾನು ಹೇರಿಕೊಂಡು, ಕಾಡಿನ ರಸ್ತೆಯ ಉಬ್ಬುಗಳ ಮೇಲೆ ಕಾರು ಹಾರಿಸುವವರಿದ್ದಾರೆ. ಒಂದು ಗಂಟೆ ಮುಂಚೆ ಹೊರಟರೆ ಶಾಕೂ ಉಳಿಯುತ್ತದೆ, ಕಾಡಿನ ಜೀವಿಗಳೂ ಉಳಿಯುತ್ತವೆ.

15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ ಆಗಲೇಬೇಕು. ಆ ನವೀಕರಣ 5 ವರ್ಷಕ್ಕೊಮ್ಮೆ ಬರುವಂಥದ್ದು. ಮಳೆಗಾಲ ಪ್ರತಿ ವರ್ಷವೂ ಬರುತ್ತದೆ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ. ಮಕ್ಕಳನ್ನೂ ಜೊತೆಗೆ ಕರೆಯಿರಿ. ನಾಳೆ ಕಾರು ಓಡಿಸುವವರು ಅವರೇ ತಾನೇ.