ಏನಪ್ಪಾ ಇದು ಅವತಾರ!

ವಿಡಿಯೊ ಗೇಮ್ ಆಡುವ ಮಕ್ಕಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಅವರ ಮಾತಿಗೆ ಕಿವಿಗೊಡಿ. ಪರದೆಯ ಮೇಲೆ ಗುಂಡು ತಗುಲಿ ಬಿದ್ದವನು ಯಾವನೋ ಅಮೆರಿಕದ ಸೈನಿಕ. ಸೋಫಾದ ಮೇಲೆ ಕುಳಿತ ಹುಡುಗಿ ಕೂಗುವುದು ಮಾತ್ರ ‘ಛೇ, ನಾನು ಸತ್ತೆ!’ ಎಂದು. ‘ನಂಗಿನ್ನೂ ಎರಡು ಲೈಫ್ ಇದೆ’, ‘ನನ್ನ ಗನ್ ಎಲ್ಲಿ ಹೋಯ್ತು?’ – ಎಲ್ಲವೂ ನಾನು, ನನ್ನದು. ಸಿನಿಮಾ ನೋಡುವಾಗ ಈ ಮಾತು ಬಾಯಿಗೆ ಬರುವುದಿಲ್ಲ. ಅಣ್ಣಾವ್ರು ಖಳನಿಗೆ ಬಾರಿಸಿದರೆ ಶಿಳ್ಳೆ ಹೊಡೆಯುತ್ತೇವೆ. ‘ನಾನು ಬಾರಿಸಿದೆ’ ಎನ್ನುವುದಿಲ್ಲ.

ಹಾಗಾದರೆ ಆಟದೊಳಗಿನ ಆ ‘ನಾನು’ ನೋಡಲು ಹೇಗಿರುತ್ತಾನೆ, ಅಥವಾ ಹೇಗಿರುತ್ತಾಳೆ? ನಮ್ಮ ಹಾಗೆ ಇರುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಬೇಕಾದವು.

ಮೊದಮೊದಲು ಆ ಮುಖವನ್ನು ನಿರ್ಧರಿಸಿದ್ದು ಯಂತ್ರದ ಬಡತನ. 1981ರ ‘ಡಾಂಕಿ ಕಾಂಗ್’ ಆಟಕ್ಕೆ ಜಪಾನಿನ ಶಿಗೇರು ಮಿಯಾಮೊಟೊ ಒಬ್ಬ ನಾಯಕನನ್ನು ಬರೆಯಬೇಕಿತ್ತು. ಕೈಯಲ್ಲಿದ್ದದ್ದು ಬೆರಳೆಣಿಕೆಯ ಚುಕ್ಕಿಗಳು, ಎರಡು ಮೂರು ಬಣ್ಣ. ಅಷ್ಟರಲ್ಲಿ ತಲೆಗೂದಲು ಬಿಡಿಸುವುದು ಕಷ್ಟ, ಅದಕ್ಕೆ ಟೋಪಿ ಹಾಕಿದರು. ಮೂಗು ಬಾಯಿ ಬೇರೆ ಬೇರೆ ಕಾಣುವುದಿಲ್ಲ, ನಡುವೆ ಮೀಸೆ ಅಂಟಿಸಿದರು. ಇಂದು ಜಗತ್ತೇ ಗುರುತಿಸುವ ಮಾರಿಯೊ ಹುಟ್ಟಿದ್ದು ಹೀಗೆ, ರಂಗೋಲಿ ಚುಕ್ಕಿಯ ಲೆಕ್ಕಾಚಾರದಲ್ಲಿ.

1986ರ ‘ಮೆಟ್ರಾಯ್ಡ್’ ಆಟ ಅದೇ ಬಡತನವನ್ನು ಜಾಣತನಕ್ಕೆ ಬಳಸಿಕೊಂಡಿತು. ಆಟದುದ್ದಕ್ಕೂ ಕಾಣುವುದು ಕವಚ ತೊಟ್ಟ ಯೋಧ ಸೇಮಸ್. ಬೇಗ ಆಟ ಮುಗಿಸಿದವರ ಮುಂದೆ ಕವಚ ಕಳಚುತ್ತದೆ, ಒಳಗಿರುವವಳು ಹೆಣ್ಣು! ಅಷ್ಟು ಹೊತ್ತು ‘ನಾನು ಹಾರಿದೆ, ನಾನು ಗೆದ್ದೆ’ ಎನ್ನುತ್ತಿದ್ದ ಹುಡುಗರು ತಬ್ಬಿಬ್ಬು. ಕನ್ನಡದಲ್ಲಿ ಆಡಿದ್ದರೆ ಈ ತಬ್ಬಿಬ್ಬಿಗೆ ವ್ಯಾಕರಣದ ಬೆಂಬಲವೂ ಇರುತ್ತಿತ್ತು. ನಮ್ಮ ‘ನಾನು ಗೆದ್ದೆ’ಯಲ್ಲಿ ಗೆದ್ದದ್ದು ಗಂಡೋ ಹೆಣ್ಣೋ ತಿಳಿಯುವುದೇ ಇಲ್ಲವಲ್ಲ.

ಅದೇ ಹೊತ್ತಿಗೆ ಈ ‘ನಾನು’ವಿಗೆ ಒಂದು ಹೆಸರೂ ಸಿಕ್ಕಿತು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ರೂಪಿಸಿದ ‘ಅಲ್ಟಿಮಾ 4’ರಲ್ಲಿ ಆಟಗಾರ ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ್’ ಆಗಬೇಕು. ಮರುವರ್ಷ ಲೂಕಾಸ್‌ಫಿಲ್ಮ್‌ನವರ ‘ಹ್ಯಾಬಿಟ್ಯಾಟ್’ ಎಂಬ ಜಾಲ ಆಟವು ಆಟಗಾರರ ಗೊಂಬೆರೂಪಗಳಿಗೆಲ್ಲ ಅದೇ ಹೆಸರಿಟ್ಟಿತು. ಪುರಾಣದಲ್ಲಿ ದೇವರು ಕೆಳಗಿಳಿದು ಬರುವುದು ಅವತಾರ. ಇಲ್ಲಿ ಮನುಷ್ಯನೇ ಪರದೆಯೊಳಗೆ ಇಳಿದ. ಪದವೇನೋ ನಮ್ಮ ಕಡೆಯಿಂದ ಹೋಯಿತು. ಮುಖ?

ಮುಖ 1991ರಲ್ಲಿ ಬಂತು. ಅದನ್ನು ಕಂಡು ಮನೆಯ ಹಿರಿಯರಾಗಿದ್ದರೆ ‘ಏನಪ್ಪಾ ಇದು ಅವತಾರ!’ ಎನ್ನುತ್ತಿದ್ದರು. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಸ್ಟ್ರೀಟ್ ಫೈಟರ್ 2’ರಲ್ಲಿ ಆಯ್ದುಕೊಳ್ಳಲು ಎಂಟು ಜಟ್ಟಿಗಳಿದ್ದರು. ಅವರಲ್ಲಿ ಒಬ್ಬ ಭಾರತದ ಧಾಲ್ಸಿಮ್. ಬಡಕಲು ಮೈ, ಬೋಳುತಲೆ, ಕೊರಳಲ್ಲಿ ತಲೆಬುರುಡೆಗಳ ಸರ. ಕೈಕಾಲು ರಬ್ಬರಿನಂತೆ ಉದ್ದವಾಗುತ್ತವೆ, ‘ಯೋಗಾ ಫೈರ್’ ಎಂದರೆ ಬಾಯಿಂದ ಬೆಂಕಿಯುಂಡೆ. ಹಿನ್ನೆಲೆಯಲ್ಲಿ ಸಾಲಾಗಿ ನಿಂತ ಆನೆಗಳು. ಈ ಕೈ ಚಾಚುವ ಯೋಗಿಗೆ ಪೂರ್ವಜನೂ ಇದ್ದ: 1976ರ ಕುಂಗ್‌ಫು ಸಿನಿಮಾ ‘ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟಿನ್’ನಲ್ಲಿ ಇಂಥದ್ದೇ ಒಬ್ಬ ಭಾರತೀಯ ಬರುತ್ತಾನೆ. ಅಂದರೆ ನಮ್ಮ ಚಿತ್ರ ಅಲ್ಲಿಗೆ ಹೋದದ್ದು ಕನ್ನಡಿಯಿಂದಲ್ಲ, ಇನ್ನೊಂದು ಚಿತ್ರದಿಂದ.

ಒಂದು ಮಾತು ಹೇಳಬೇಕು. ಆ ಆಟ ಎಲ್ಲ ದೇಶಗಳನ್ನೂ ಹಾಗೇ ಕಂಡಿತ್ತು. ಜಪಾನಿಗೊಬ್ಬ ಸುಮೊ, ಸೋವಿಯತ್ ರಷ್ಯಾಕ್ಕೊಬ್ಬ ಕರಡಿಯಂಥ ಕುಸ್ತಿಪಟು, ಬ್ರೆಜಿಲಿಗೆ ಹಸಿರು ಮೈಯ ಕಾಡುಮನುಷ್ಯ. ಎಂಟರಲ್ಲಿ ಒಬ್ಬಳೇ ಹೆಣ್ಣು, ಚೀನಾದ ಚುನ್ ಲಿ. ಆದರೆ ಜಪಾನ್, ಅಮೆರಿಕಗಳಿಗೆ ಬೇರೆ ಸಾವಿರ ಆಟಗಳಲ್ಲಿ ಬೇರೆ ಸಾವಿರ ಮುಖಗಳಿದ್ದವು. ನಮಗಿದ್ದವನು ಬಹುಕಾಲ ಇವನೊಬ್ಬನೇ ಎನ್ನುವಂತಿತ್ತು. ಒಬ್ಬನೇ ಇದ್ದಾಗ ವೇಷವೇ ಊರಾಗಿಬಿಡುತ್ತದೆ.

ಭಾರತದಲ್ಲೇ ಆಟ ತಯಾರಾಗತೊಡಗಿದಾಗ ಬೇರೊಂದು ತೊಡಕು ಎದುರಾಯಿತು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ರೂಪಿಸಿತು. ದೇವರನ್ನು ಆಟಗಾರ ಗುಂಡಿ ಒತ್ತಿ ಕುಣಿಸುವುದೇ ಎಂದು ಅಮೆರಿಕದ ಒಂದು ಹಿಂದೂ ಸಂಘಟನೆ ತಕರಾರು ತೆಗೆಯಿತು. ಯಕ್ಷಗಾನದ ನಾಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಹನುಮನ ವೇಷ ಕಟ್ಟುವವನು ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಗೆ ಕೈಮುಗಿದೇ ಕಟ್ಟುತ್ತಾನೆ. ಇಳಿಯುವುದಕ್ಕೂ ಒಂದು ಶಿಸ್ತಿದೆ. ಜಾಯ್‌ಸ್ಟಿಕ್‌ಗೆ ಚೌಕಿ ಎಲ್ಲಿಂದ ತರುವುದು?

ನಮ್ಮ ಹಾಸನ ಜಿಲ್ಲೆಯ ಸರದಿ ಬಂದದ್ದು 2017ರ ಆಗಸ್ಟ್‌ನಲ್ಲಿ. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಹೊರತಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ಯ ನಾಯಕಿ ಕ್ಲೋಯಿ ಫ್ರೇಜರ್. ಅವಳ ತಂದೆ ಭಾರತೀಯ. ಅವಳು ಹುಡುಕುತ್ತಿರುವುದು ಗಣೇಶನ ದಂತ, ಹುಡುಕುವ ಜಾಗ ಪಶ್ಚಿಮ ಘಟ್ಟ, ದಂತ ಬಚ್ಚಿಟ್ಟವರು ಹೊಯ್ಸಳರು! ಆಟದ ಹಳೇಬೀಡು, ಬೇಲೂರು ಕಣಿವೆಗಳ ನಡುವೆ ಕಾಡು ಮುಚ್ಚಿದ ‘ಕಳೆದುಹೋದ ನಗರ’ಗಳು, ಬೆಟ್ಟದೆತ್ತರದ ಪ್ರತಿಮೆಗಳು, ಧುಮ್ಮಿಕ್ಕುವ ಜಲಪಾತಗಳು. ಬೇಲೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ‘ಹಳೇಬೀಡ್ ಹಳೇಬೀಡ್’ ಎಂದು ಕೂಗುವುದನ್ನು ಕೇಳಿದವರಿಗೆ ನಗು ತಡೆಯದು. ಎರಡೂರಿನ ನಡುವೆ ಹದಿನಾರು ಕಿಲೋಮೀಟರ್ ಅಷ್ಟೇ. ಹೊಯ್ಸಳರ ಹೆಚ್ಚುಗಾರಿಕೆ ಇರುವುದೂ ಬೆಟ್ಟದಂಥ ಗಾತ್ರದಲ್ಲಲ್ಲ, ಬಳಪದ ಕಲ್ಲಿನಲ್ಲಿ ಬಿಡಿಸಿದ ಬಳೆಯ ಎಳೆಯಲ್ಲಿ.

ಆದರೂ ಆ ಆಟವನ್ನು ನಕ್ಕು ತಳ್ಳಿಹಾಕಲಾರೆ. ಗಣೇಶನ ದಂತ ಪರಶುರಾಮನ ಕೊಡಲಿಗೆ ಮುರಿದ ಕತೆಯನ್ನು ಕ್ಲೋಯಿ ಬಲ್ಲಳು, ಜೊತೆಗಾತಿ ನಡೀನ್‌ಗೆ ಹೇಳುತ್ತಾಳೆ. ಆ ಕತೆ ಅವಳಿಗೆ ತಂದೆಯ ನೆನಪಿನ ದಾರಿಯೂ ಹೌದು. ಧಾಲ್ಸಿಮ್‌ಗೆ ಭಾರತ ಬೆನ್ನ ಹಿಂದಿನ ಪರದೆ. ಕ್ಲೋಯಿಗೆ ಅದು ಒಳಗಿನ ಹುಡುಕಾಟ, ಅರ್ಧ ಗೊತ್ತಿರುವ, ಅರ್ಧ ಕೈತಪ್ಪಿದ ಮನೆ.

ಇನ್ನುಳಿದ ಹೆಜ್ಜೆ, ಕತೆ ಯಾರದೋ ಅವರೇ ಕತೆ ಹೇಳುವುದು. ಅದಕ್ಕೆ ಒಂದು ಮೇಲ್ಪಂಕ್ತಿ ಹಾಕಿದ್ದು ಅಲಾಸ್ಕಾ. ಅಲ್ಲಿನ ಮೂಲನಿವಾಸಿಗಳ ಕುಕ್ ಇನ್‌ಲೆಟ್ ಟ್ರೈಬಲ್ ಕೌನ್ಸಿಲ್ ಕೈಜೋಡಿಸಿ 2014ರಲ್ಲಿ ತಂದ ‘ನೆವರ್ ಅಲೋನ್’ನಲ್ಲಿ ಇನುಪಿಯಾಟ್ ಹುಡುಗಿ ನೂನಾ ಹಿಮಬಿರುಗಾಳಿಯ ಮೂಲ ಹುಡುಕಿ ಹೊರಡುತ್ತಾಳೆ. ಕತೆಯ ನಿರೂಪಣೆ ಅವರದೇ ಭಾಷೆಯಲ್ಲಿ. ಊರಿನ ಅಜ್ಜ ಅಜ್ಜಿಯರು ಹೇಳಿದ್ದನ್ನು ಕೇಳಿ ಕಟ್ಟಿದ ಆಟವದು.

ನಮ್ಮಲ್ಲಿ 2020ರ ಆಗಸ್ಟ್‌ನಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಹೊರತಂದಿತು. ಜನರಿಂದ ಹಣ ಒಟ್ಟುಮಾಡುವ ಅವರ ಮೊದಲ ಯತ್ನ ಕೈಕೊಟ್ಟಿತ್ತು. ಛಲ ಬಿಡಲಿಲ್ಲ. ಇಲ್ಲಿ ಆಟಗಾರ ದೇವರಾಗುವುದಿಲ್ಲ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುವ ಸರ್ಕಸ್ ಹುಡುಗಿಯಾಗುತ್ತಾನೆ. ದುರ್ಗೆ, ವಿಷ್ಣು ಮೇಲಿನಿಂದ ನೋಡುತ್ತ ಮಾತಾಡಿಕೊಳ್ಳುತ್ತಾರೆ. ನಡುನಡುವಿನ ಕತೆ ತೊಗಲುಗೊಂಬೆಯಾಟದ ರೂಪದಲ್ಲಿ ಬರುತ್ತದೆ. ಚೌಕಿಯ ಪ್ರಶ್ನೆಗೆ ಪುಣೆಯವರು ಕಂಡುಕೊಂಡ ಉತ್ತರ ಇದು.

2023ರಲ್ಲಿ ಕೆನಡಾದ ಟೊರಾಂಟೊದಿಂದ ಬಂತು ‘ವೆಣ್ಬಾ’. ವಿಸೈ ಗೇಮ್ಸ್‌ನವರ ಈ ಪುಟ್ಟ ಆಟದಲ್ಲಿ ಕತ್ತಿಯಿಲ್ಲ, ಅಸುರರಿಲ್ಲ. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರಿಗೊಬ್ಬ ಮಗ, ಒಂದು ಅಡುಗೆಮನೆ. ಹೆಂಡತಿಗೆ ತನ್ನ ತಾಯಿಯಿಂದ ಬಂದ ಅಡುಗೆ ಪುಸ್ತಕ ಅಲ್ಲಲ್ಲಿ ಹರಿದು, ಅಕ್ಷರ ಅಳಿಸಿಹೋಗಿದೆ. ಬಿಟ್ಟುಹೋದದ್ದನ್ನು ಊಹಿಸಿ ಅಡುಗೆ ಮುಗಿಸುವುದೇ ಆಟ. ಅದಕ್ಕೆ 2024ರಲ್ಲಿ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿಯೂ ಬಂತು.

ಅದರ ಮೊದಲ ಒಗಟು ಇಡ್ಲಿ. ಲ್ಯಾಪ್‌ಟಾಪಿನಲ್ಲಿ ನಾನು ತಟ್ಟೆಗಳನ್ನು ಹೇಗೆ ಹೇಗೋ ಜೋಡಿಸುತ್ತಿದ್ದೆ. ಹಿಂದೆ ನಿಂತು ನೋಡುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ. ‘ಗುಳಿ ಮೇಲೆ ಗುಳಿ ಬರಬಾರದು ಕಣೋ, ತಟ್ಟೆ ಸ್ವಲ್ಪ ತಿರುಗಿಸು. ಹಬೆ ಆಡೋದು ಬೇಡ್ವಾ?’ ಎಂದರು. ತಿರುಗಿಸಿದೆ. ಇಡ್ಲಿ ಬೆಂದಿತು.

ಎಪ್ಪತ್ತು ದಾಟಿದ, ಈವರೆಗೆ ಒಂದು ಗೇಮನ್ನೂ ಮುಟ್ಟದ ಅಮ್ಮ ಕನ್ನಡಕ ಸರಿಮಾಡಿಕೊಂಡು ಪಕ್ಕದಲ್ಲಿ ಕೂತರು. ‘ನೋಡ್ದಾ, ನಾನು ಗೆದ್ದೆ. ಮುಂದಿನದು ಏನು?’