ಮೂವತ್ತು ಸೆಕೆಂಡು, ಮತ್ತೆ ಮೂವತ್ತು ಸೆಕೆಂಡು

ರಾತ್ರಿ ಊಟ ಮುಗಿಸಿ, ಎರಡು ನಿಮಿಷ ನೋಡಿ ಮಲಗೋಣ ಅಂತ ಹಾಕಿದ ವಿಡಿಯೊ ಅದು. ಮುಗಿಯುವವರೆಗೂ ಕಣ್ಣು ಕೀಳಲಾಗಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದು ಮೂಗಿಗೆ ಗೊತ್ತಾಯಿತೇ ಹೊರತು ಕಣ್ಣಿಗಲ್ಲ.

ಅಂಥಾದ್ದೇನಿತ್ತು ಅದರಲ್ಲಿ? ಏನೂ ಇರಲಿಲ್ಲ! ಒಬ್ಬ ಮನುಷ್ಯ ಮಂಜುಗಡ್ಡೆಯ ಮೇಲೆ ಸುತ್ತು ಹಾಕುತ್ತಿದ್ದಾನೆ. ಗೋಲಿಲ್ಲ, ಹೊಡೆತವಿಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. 400 ಮೀಟರಿನ ಅಂಕಣ, 25 ಸುತ್ತು, ಒಟ್ಟು 10 ಕಿಲೋಮೀಟರು. ಸುತ್ತು ಮುಗಿದಾಗಲೆಲ್ಲ ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಮಿನುಗುತ್ತದೆ. ಹೆಚ್ಚುಕಡಿಮೆ ಮೂವತ್ತು. ಮತ್ತೆ ಮೂವತ್ತು. ಮತ್ತೂ ಮೂವತ್ತು! ಐದಾರು ಸುತ್ತಾದ ಮೇಲೆ ನಾನು ಆ ಮನುಷ್ಯನನ್ನು ಬಿಟ್ಟು ಆ ಸಂಖ್ಯೆಯನ್ನೇ ಕಾಯತೊಡಗಿದೆ. ಈಗ ಕುಸಿಯುತ್ತಾನೆ, ಮುಂದಿನ ಸುತ್ತಿಗೆ ಖಂಡಿತ ಕುಸಿಯುತ್ತಾನೆ ಅಂತ. ಅವನು ಕುಸಿಯಲಿಲ್ಲ.

2021ರ ಫೆಬ್ರುವರಿ 14. ನೆದರ್ಲೆಂಡ್ಸಿನ ಹೀರನ್‌ವೇನ್ ಪಟ್ಟಣದ ತಿಯಾಲ್ಫ್ ಕ್ರೀಡಾಂಗಣ, ವಿಶ್ವ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಷಿಪ್, ಪುರುಷರ 10,000 ಮೀಟರ್. ಡಚ್ಚರಿಗೆ ಈ ಆಟ ಅಂದರೆ ಪ್ರಾಣ. ಬೇರೆ ವರ್ಷವಾಗಿದ್ದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸಾವಿರಾರು ಜನ ಚಾವಣಿ ಹಾರಿಸುತ್ತಿದ್ದರು. ಅದು ಕೊರೊನಾ ಕಾಲ, ಗ್ಯಾಲರಿ ಖಾಲಿ. ಆ ಮೌನದಲ್ಲಿ ಸುತ್ತುತ್ತಿದ್ದವನು ನಿಲ್ಸ್ ವಾನ್ ಡರ್ ಪೂಲ್. ಹೆಸರು ಡಚ್ಚು, ಮನುಷ್ಯ ಸ್ವೀಡನ್ನಿನವನು. ವಯಸ್ಸು ಇಪ್ಪತ್ತನಾಲ್ಕು. ಗೆರೆ ದಾಟಿದಾಗ ಗಡಿಯಾರ ತೋರಿಸಿದ್ದು 12 ನಿಮಿಷ 32.95 ಸೆಕೆಂಡು. ವಿಶ್ವ ದಾಖಲೆ!

ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ಫೆಬ್ರುವರಿ 14ರಂದು, ಕೆನಡಾದ ಗ್ರೇಮ್ ಫಿಶ್ 12:33.86ರ ದಾಖಲೆ ಬರೆದಿದ್ದರು. ಆದರೆ ಅದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು, ಎದೆಗೆ ಅಡ್ಡ ನಿಲ್ಲುವುದು ಕಡಿಮೆ. ಹೀರನ್‌ವೇನ್ ಇರುವುದು ಸಮುದ್ರಮಟ್ಟದಲ್ಲಿ, ಗಾಳಿ ದಪ್ಪ. ಬೆಟ್ಟದ ಮೇಲೆ ಬರೆದ ದಾಖಲೆಯನ್ನು ಈತ ಬಯಲಿನಲ್ಲಿ ನಿಂತು ಅಳಿಸಿದ್ದ.

ಕಾಲಿನ ಹತ್ತಿರ ಹೋಗಿ ನೋಡಬೇಕು ಈ ಆಟವನ್ನು. ಬೂಟಿನ ಕೆಳಗಿನ ಉಕ್ಕಿನ ಅಲಗು ಒಂದು ಮಿಲಿಮೀಟರಿಗಿಂತ ತುಸು ದಪ್ಪ, ಅಷ್ಟೆ. ಅದು ಬೂಟಿಗೆ ಅಂಟಿಕೊಂಡಿರುವುದು ಮುಂಗಾಲಿನ ಬಳಿ, ಒಂದು ಕೀಲಿನಿಂದ. ಹಿಮ್ಮಡಿ ಎತ್ತಿದರೂ ಅಲಗು ಮಂಜನ್ನು ಬಿಡುವುದಿಲ್ಲ, ಇನ್ನೊಂದು ಕ್ಷಣ ಒತ್ತುತ್ತದೆ. ಆಮೇಲೆ ಸ್ಪ್ರಿಂಗು ಎಳೆದು ‘ಕ್ಲಪ್’ ಎಂದು ಬೂಟಿಗೆ ಬಡಿಯುತ್ತದೆ. ಹೆಸರೇ ಕ್ಲ್ಯಾಪ್ ಸ್ಕೇಟ್. ಇದನ್ನು ರೂಪಿಸಿದವರು ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು. ತೊಂಬತ್ತರ ದಶಕದ ಕೊನೆಗೆ ಸ್ಪರ್ಧಿಗಳೆಲ್ಲ ಇದನ್ನೇ ಕಟ್ಟಿಕೊಂಡರು, ಹಳೆಯ ದಾಖಲೆಗಳು ಸಾಲುಸಾಲಾಗಿ ಉರುಳಿದವು. ಖಾಲಿ ತಿಯಾಲ್ಫಿನಲ್ಲಿ ಈ ಕ್ಲಪ್ ಕ್ಲಪ್ ಎಷ್ಟು ಸ್ಪಷ್ಟ!

ವೇಗ ಗಂಟೆಗೆ ಸುಮಾರು 48 ಕಿಲೋಮೀಟರು. ಪೇಟೆಯ ರಸ್ತೆಯಲ್ಲಿ ಸ್ಕೂಟರಿನಲ್ಲಿ ಅಷ್ಟು ಹೋದರೆ ಹಿಂದೆ ಕೂತವರು ಬೆನ್ನು ತಟ್ಟಿ ‘ನಿಧಾನ’ ಅನ್ನುತ್ತಾರೆ. ಇಲ್ಲಿ ಇಂಜಿನ್ನೂ ಇಲ್ಲ, ಚಕ್ರವೂ ಇಲ್ಲ. ಇಬ್ಬಿಬ್ಬರಾಗಿ ಓಡುತ್ತಾರೆ, ಸುತ್ತಿಗೊಮ್ಮೆ ಒಳಗಿನವನು ಹೊರಕ್ಕೆ, ಹೊರಗಿನವನು ಒಳಕ್ಕೆ ಲೇನು ಬದಲಿಸುತ್ತಾರೆ, ಇಬ್ಬರಿಗೂ ದೂರ ಸಮವಾಗಲಿ ಅಂತ. ನಿಜವಾದ ಎದುರಾಳಿ ಮಾತ್ರ ಗಡಿಯಾರ.

ಹಿಂಸೆ ಇರುವುದು ಭಂಗಿಯಲ್ಲಿ. ಇಲ್ಲದ ಕುರ್ಚಿಯ ಮೇಲೆ ಕೂತಂತೆ ಮಂಡಿ ಮಡಚಿ, ಕೈ ಬೆನ್ನ ಹಿಂದಿಟ್ಟು, ಹನ್ನೆರಡೂವರೆ ನಿಮಿಷ ಹಾಗೇ ಇರಬೇಕು. ಆ ಬಿಗಿತಕ್ಕೆ ತೊಡೆಗೆ ರಕ್ತವೇ ಸರಿಯಾಗಿ ಹರಿಯುವುದಿಲ್ಲ. ನಂಬಿಕೆ ಬಾರದಿದ್ದರೆ ಈಗಲೇ ಗೋಡೆಗೆ ಒರಗಿ, ಹಾಗೆ ಕೂತು ನೋಡಿ. ನಾನು ನೋಡಿದೆ. ಎರಡನೇ ನಿಮಿಷಕ್ಕೆ ನೆಲಕ್ಕೆ ಬಿದ್ದೆ.

ಹಾಗಾದರೆ ಈತ ಬೀಳಲಿಲ್ಲ ಹೇಗೆ? ಇಲ್ಲಿಂದ ಮುಂದಿನದು ನನ್ನ ನಿದ್ದೆ ಪೂರ್ತಿ ಕೆಡಿಸಿತು. ಗುಟ್ಟನ್ನು ಈ ಮನುಷ್ಯ ತಾನೇ ಬರೆದು, ಅರವತ್ತು ಚಿಲ್ಲರೆ ಪುಟದ ಕೈಪಿಡಿ ಮಾಡಿ, ಯಾರು ಬೇಕಾದರೂ ಓದಿಕೊಳ್ಳಿ ಎಂದು ಅಂತರ್ಜಾಲದಲ್ಲಿ ಇಟ್ಟುಬಿಟ್ಟಿದ್ದಾನೆ! ಓದುತ್ತಾ ಹೋದರೆ, ಮಂಜಿನ ಮೇಲಿನ ಈ ಚಾಂಪಿಯನ್ ತಯಾರಾದದ್ದು ಬಹುಪಾಲು ಸೈಕಲ್ಲಿನ ಮೇಲೆ. ಮಂಜಿನ ಮೇಲೆ ತೊಡೆ ಬೇಗ ಸೋಲುತ್ತದೆ, ಎದೆಗೆ ಪೂರ್ತಿ ಕೆಲಸ ಸಿಗುವುದೇ ಇಲ್ಲ. ಅದಕ್ಕೇ ತಿಂಗಳುಗಟ್ಟಲೆ ಸೈಕಲ್ಲು, ವಾರಕ್ಕೆ 33 ಗಂಟೆಯವರೆಗೂ. ಮಂಜಿಗೆ ಇಳಿದ ಮೇಲೆ ಮೈ ಸವರುವ ಆಟವಿಲ್ಲ. ಸ್ಪರ್ಧೆಯ ವೇಗದಲ್ಲೇ ಸುತ್ತು, ಅದೇ ಮೂವತ್ತು ಸೆಕೆಂಡಿನ ಲೆಕ್ಕ. ಇನ್ನೂ ಅಚ್ಚರಿ ಕೇಳಿ: ವಾರಕ್ಕೆ ಐದು ದಿನ ಮಾತ್ರ ದುಡಿಮೆ, ಎರಡು ದಿನ ಪೂರ್ತಿ ರಜೆ. ಬ್ಯಾಂಕಿನ ನೌಕರನ ಹಾಗೆ!

2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಇದೇ ಮನುಷ್ಯ 5,000 ಮೀಟರಿನಲ್ಲಿ ಹದಿನಾಲ್ಕನೆಯವನಾಗಿದ್ದ. ಆಮೇಲೆ ಸ್ಕೇಟ್ ಬಿಚ್ಚಿಟ್ಟು ಸೇನೆ ಸೇರಿದ, ಬಹುದೂರದ ಓಟಗಳನ್ನು ಓಡಿದ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಹಾರಿದ. ನಮ್ಮ ಮನೆಗಳಲ್ಲಾಗಿದ್ದರೆ ‘ಹುಡುಗ ದಾರಿ ತಪ್ಪಿದ’ ಅನ್ನುತ್ತಿದ್ದರು.

2022ರ ಫೆಬ್ರುವರಿ 11, ಬೀಜಿಂಗ್ ಒಲಿಂಪಿಕ್ಸ್. ಈ ಸಲ 12:30.74. ತನ್ನದೇ ದಾಖಲೆಯನ್ನು ತಾನೇ ಒರೆಸಿದ. ಎರಡನೆಯವರಾದ ನೆದರ್ಲೆಂಡ್ಸಿನ ಪ್ಯಾಟ್ರಿಕ್ ರೂಸ್ಟ್ ಹತ್ತಿರಹತ್ತಿರ 14 ಸೆಕೆಂಡು ಹಿಂದೆ. ಆ ವೇಗದಲ್ಲಿ ಅದು ಅರ್ಧ ಸುತ್ತಿಗೆ ತುಸು ಕಡಿಮೆ ಅಂತರ. ಸಮಯವನ್ನು 25ರಿಂದ ಭಾಗಿಸಿ ನೋಡಿದೆ: ನಿಂತಲ್ಲಿಂದ ಹೊರಟ ಮೊದಲ ಸುತ್ತೂ ಸೇರಿ, ಸುತ್ತಿಗೆ 30.03 ಸೆಕೆಂಡು! ಲೆಕ್ಕ ತಪ್ಪಿರಬೇಕೆಂದು ಇನ್ನೊಮ್ಮೆ ಮಾಡಿದೆ. ತಪ್ಪಿರಲಿಲ್ಲ.

ಬೀಜಿಂಗಿನಲ್ಲಿ ಗೆದ್ದದ್ದು ಎರಡು ಚಿನ್ನ. ಅದರಲ್ಲೊಂದನ್ನು ಊರಿಗೆ ಒಯ್ಯಲಿಲ್ಲ. ಚೀನಾದ ಸೆರೆಯಲ್ಲಿರುವ ಸ್ವೀಡಿಷ್ ಪ್ರಕಾಶಕ ಗುಯಿ ಮಿನ್ಹಾಯ್ ಅವರ ಮಗಳು ಏಂಜೆಲಾ ಅವರನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಕಂಡು, ಅವರ ಕೈಯಲ್ಲಿಟ್ಟ. ಕೆಲವೇ ವಾರಗಳಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, ಆಟಕ್ಕೂ ವಿದಾಯ ಹೇಳಿದ.

12:30.74 ಈಗ ವಿಶ್ವ ದಾಖಲೆಯಲ್ಲ. 2025ರ ಜನವರಿಯಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಇಟಲಿಯ ಡೇವಿಡೆ ಗಿಯೊಟ್ಟೊ 12:25.69ಕ್ಕೆ ಗೆರೆ ದಾಟಿದರು. ಸುತ್ತಿಗೆ ಮೂವತ್ತಕ್ಕೂ ಕಡಿಮೆ. ಆ ವಿಡಿಯೊ ಇವತ್ತು ರಾತ್ರಿ ನೋಡಬೇಕು. ನೀವೂ ನೋಡಿ, ಒಲೆ ಆರಿಸಿ ಕೂತು.