ಇಲ್ಲದ ರೆಕಾರ್ಡಿಗೂ ಕೈಚಾಚಿದ ಮಹಾರಾಜರು

ನಂಬುತ್ತೀರಾ? ದೊಡ್ಡಬೆಳವಂಗಲದಲ್ಲಿ ಕೂತು ಮೊಬೈಲಿನಲ್ಲಿ ಹಳೇ ಪಿಯಾನೊ ರೆಕಾರ್ಡು ಹುಡುಕುತ್ತಿದ್ದವನಿಗೆ ನಿಕೊಲಾಯ್ ಮೆಡ್ಟ್‌ನರ್ ಎಂಬ ರಷ್ಯದ ಸಂಗೀತಗಾರನ ಪಕ್ಕದಲ್ಲೇ ಸಿಕ್ಕ ಹೆಸರು ಜಯಚಾಮರಾಜ ಒಡೆಯರ್! ಹೌದು, ನಮ್ಮೂರೂ ಸೇರಿದಂತೆ ಇಡೀ ಮೈಸೂರು ಸಂಸ್ಥಾನವನ್ನು ಆಳಿದ ಕೊನೆಯ ದೊರೆ. ದೇವಿಯ ಉಪಾಸನೆಯಾದ ಶ್ರೀವಿದ್ಯೆಯ 94 ಕೃತಿಗಳ ವಾಗ್ಗೇಯಕಾರರೆಂದು ಗೊತ್ತಿತ್ತು. ಪಾಶ್ಚಾತ್ಯ ಸಂಗೀತದ ಈ ನಂಟು ಗೊತ್ತಿರಲಿಲ್ಲ.

ಅವರಿಗೆ ಪಿಯಾನೊ ಕಛೇರಿ ಕೊಡುವ ಕಲಾವಿದನಾಗುವ ಹಂಬಲವಿತ್ತು. 1940ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ದೊರೆಯಾಗಿದ್ದ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. 21ರ ಹರೆಯಕ್ಕೇ ರಾಜ್ಯಭಾರ ಹೆಗಲೇರಿತು. ಬೆರಳಿಗೆ ತಪ್ಪಿದ್ದನ್ನೆಲ್ಲ ಕಿವಿಗೆ ತುಂಬಿಕೊಳ್ಳಲು ಹೊರಟರೋ ಏನೋ, ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು!

ಇರುವುದನ್ನು ಎಲ್ಲರೂ ಕೂಡಿಡುತ್ತಾರೆ. ಇವರು ಇಲ್ಲದ್ದನ್ನೂ ಮಾಡಿಸಿದರು. ಮೆಡ್ಟ್‌ನರ್ ಆಗ ಲಂಡನ್ನಿನಲ್ಲಿದ್ದ ವಯಸ್ಸಾದ ವಲಸಿಗ. ಕೇಳುವವರು ಕಡಿಮೆ, ಆರೋಗ್ಯವೂ ಅಷ್ಟಕ್ಕಷ್ಟೆ. ಮಹಾರಾಜರು ಹಣ ಕೊಟ್ಟರು, ಎಚ್‌ಎಂವಿ ಕಂಪನಿ ಮುದ್ರಿಸಿತು, ‘ಮೆಡ್ಟ್‌ನರ್ ಸೊಸೈಟಿ’ ಹೆಸರಿನಲ್ಲಿ ಮೂರು ಆಲ್ಬಮ್ ಬಂದವು. 1947ರಲ್ಲಿ ಫಿಲ್ಹಾರ್ಮೊನಿಯಾ ವಾದ್ಯವೃಂದದೊಂದಿಗೆ ತನ್ನದೇ ಕಾನ್ಚರ್ಟೊಗಳಿಗೆ (ಒಂದು ವಾದ್ಯಕ್ಕೂ ವಾದ್ಯವೃಂದಕ್ಕೂ ಬರೆದ ಕೃತಿಗಳಿಗೆ) ಪಿಯಾನೊ ನುಡಿಸಿದವನು ಸ್ವತಃ ಮೆಡ್ಟ್‌ನರ್! ಮೂರನೆಯ ಕಾನ್ಚರ್ಟೊವನ್ನಂತೂ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ.

ಆಗಿನ ರೆಕಾರ್ಡೆಂದರೆ 78ರ ವೇಗದ ಪ್ಲೇಟು. ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ, ಅಷ್ಟೆ. ಸಂಗೀತ ಏರುವ ಹೊತ್ತಿಗೆ ಸರಿಯಾಗಿ ಮುಳ್ಳು ಎತ್ತಿ ಪ್ಲೇಟು ಮಗುಚಬೇಕು. ಅದರ ಮೈಗೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದದ್ದೂ ನಮ್ಮ ದೇಶದಿಂದಲೇ! ಕಾನ್ಚರ್ಟೊಗಿಂತ ನನಗೆ ಹೆಚ್ಚು ಹಿಡಿಸಿದ್ದು ಮೆಡ್ಟ್‌ನರನ ಹಾಡುಗಳು. 1950ರಲ್ಲಿ 34ರ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡುತ್ತಾಳೆ, 70ರ ಮೆಡ್ಟ್‌ನರ್ ಪಿಯಾನೊ ನುಡಿಸುತ್ತಾನೆ. ಮರುವರ್ಷ ಅವನಿಲ್ಲ. ಇನ್ನೊಂದು ವರ್ಷ ತಡವಾಗಿದ್ದರೆ?

ಅಲ್ಲಿಗೇ ಮುಗಿಯಲಿಲ್ಲ! ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ‘ಕೊನೆಯ ನಾಲ್ಕು ಹಾಡು’ಗಳನ್ನು ಬರೆದಿಟ್ಟು 1949ರಲ್ಲಿ ತೀರಿಕೊಂಡ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವುಗಳ ಮೊದಲ ಗಾಯನ. ಹಾಡಿದವಳು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವನು ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರಿನ ಖಾತರಿ ಕೊಟ್ಟವರು ಯಾರು? ನಮ್ಮ ಒಡೆಯರೇ! ಆ ಹೊತ್ತಿಗೆ ರಾಜ್ಯ ಭಾರತದಲ್ಲಿ ಸೇರಿಹೋಗಿತ್ತು, ಅವರು ಹೆಸರಿಗೆ ರಾಜ್ಯದ ಮುಖ್ಯಸ್ಥರಾದ ರಾಜಪ್ರಮುಖರಷ್ಟೆ. ರೆಕಾರ್ಡಿನ ಹುಚ್ಚು ಮಾತ್ರ ಇಳಿದಿರಲಿಲ್ಲ.

ಆ ಮೊದಲ ಗಾಯನದ ಧ್ವನಿಮುದ್ರಣ ಈಗಲೂ ಉಳಿದಿದೆ. ಮೊರದಲ್ಲಿ ರಾಗಿ ಕೇರಿದ ಹಾಗೆ ಸರಸರ ಸದ್ದು, ಅದನ್ನು ಸೀಳಿಕೊಂಡು ಬರುವ ಫ್ಲಾಗ್‌ಸ್ಟಾಡಳ ತುಂಬುಕಂಠ. ಅಚ್ಚುಕಟ್ಟಾದ ಮುದ್ರಣಗಳು ಆಮೇಲೆ ಎಷ್ಟೋ ಬಂದಿವೆ, ನನಗೆ ಇದೇ ಇರಲಿ. ಇದನ್ನು ಮಾಡಿಸಿದ್ದೇ ಒಡೆಯರ ಸಂಗ್ರಹಕ್ಕೆಂದು: ಲಂಡನ್ನಿನವರು ಮೊದಲು ಕೇಳಿದರು, ಪ್ಲೇಟು ಹೊರಟದ್ದು ಮೈಸೂರಿಗೆ!